ಹಳೆ ಶಿಲ್ಪ, ಹಳೆ ಕೆತ್ತನೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಪಡಸಾಲೆಯ ಮೂಲೆಯಲ್ಲಿ ನಿಂತಿರುವ ಮುಂಡಿಗೆ ಕಡೆಗೆ. ಮಲೆನಾಡಿನ ಒಂದು ತೊಟ್ಟಿ ಮನೆ ಕೆಡವಿದಾಗ ಬಂದ ಕಂಬ ಅದು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಪ್ರಶ್ನೆಗಳು ಶುರುವಾಗುತ್ತವೆ. ಎಷ್ಟು ಕೊಟ್ರಿ, ಎಲ್ಲಿ ಸಿಕ್ತು, ನಿಜವಾಗ್ಲೂ ಹಳೇದಾ? ಆಮೇಲೆ ಫೋನಿನಲ್ಲಿ, ಪತ್ರದಲ್ಲಿ ಮತ್ತಷ್ಟು. ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಬಿಟ್ಟಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ನಮ್ಮಜ್ಜಿ ಕಾಲದ ಹಿತ್ತಾಳೆ ದೀಪ ಇದೆ. ಅದು ಆಂಟಿಕ್ ಅಲ್ವಾ?

ಅಂಗಡಿಯವರ ಬಾಯಲ್ಲಿ ಮೂವತ್ತು ವರ್ಷದ ರೇಡಿಯೋ ಕೂಡ ಆಂಟಿಕ್. ಕಾನೂನಿನ ಲೆಕ್ಕ ಬೇರೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಶಿಲ್ಪ, ಚಿತ್ರ, ನಾಣ್ಯ, ಶಾಸನ, ಕಟ್ಟಡದಿಂದ ಕಳಚಿದ ಭಾಗ, ಇಂಥವಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಹಸ್ತಪ್ರತಿಗಳಿಗೆ 75 ಸಾಕು. ಅಜ್ಜಿ ಮದುವೆಯಲ್ಲಿ ಬಂದ ದೀಪ 1950ರ ಸುಮಾರಿನದಾಗಿದ್ದರೆ ಅದು ಬರೀ ಹಳೇದು. ಬೆಲೆ ಕಮ್ಮಿ ಅಂತ ಬೇಜಾರು ಬೇಡ. ದಿನಾ ಹಚ್ಚಬಹುದು, ಯಾರನ್ನೂ ಕೇಳಬೇಕಾಗಿಲ್ಲ.

ಮನೇಲಿ ಹಳೇ ವಿಗ್ರಹ ಇಟ್ಕೊಂಡ್ರೆ ಪೊಲೀಸ್ ಕೇಸಾಗುತ್ತಂತೆ, ಹೌದಾ?

ಇಟ್ಟುಕೊಳ್ಳುವುದು ತಪ್ಪಲ್ಲ. ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ನೂರೈವತ್ತು ವರ್ಷದ ಬಾಲಕೃಷ್ಣ, ಅಂಬೆಗಾಲಿಡುತ್ತಾ ಇವತ್ತಿಗೂ ಪೂಜೆ ಪಡೆಯುತ್ತಿದ್ದಾನೆ. ನಿಮ್ಮದು ನಿಮ್ಮದೇ, ಇಟ್ಟುಕೊಂಡ ಮಾತ್ರಕ್ಕೆ ಸರ್ಕಾರ ಕಿತ್ತುಕೊಳ್ಳುವುದಿಲ್ಲ. ಆದರೆ ನೋಂದಣಿ ಮಾಡಿಸಬೇಕು. ಅದನ್ನು ಮಾಡಿಸದಿರುವುದು ತಪ್ಪು, ಕದ್ದದ್ದನ್ನು ಕೊಳ್ಳುವುದು ಇನ್ನೂ ದೊಡ್ಡ ತಪ್ಪು. ನೋಂದಣಿ ಹೇಗೆ ಅಂತ ಮುಂದೆ ಹೇಳಿದ್ದೇನೆ.

ಈಗಷ್ಟೇ ಆಸೆ ಹುಟ್ಟಿದೆ. ಯಾವುದರಿಂದ ಶುರು ಮಾಡಲಿ?

ಮರದಿಂದ ಶುರು ಮಾಡಿ. ದೇವರ ಮೂರ್ತಿಯಿಂದ ಬೇಡ.

ಹಳೆ ಮನೆಗಳು ಬೀಳುತ್ತಲೇ ಇವೆ. ಬೋದಿಗೆ (ಕಂಬದ ತಲೆ ಮೇಲೆ ಕೂರುವ ಕೆತ್ತಿದ ಮರ), ಬಾಗಿಲ ಮೇಲಿನ ಗಜಲಕ್ಷ್ಮಿ ಪಟ್ಟಿ, ಕಿಟಕಿಯ ಕೆತ್ತಿದ ಕಡ್ಡಿಗಳು, ಇವೆಲ್ಲ ಗುಜರಿಯವರ ಹತ್ತಿರ ಬರುತ್ತವೆ. ತಮಿಳುನಾಡಿನ ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಚೆಟ್ಟಿನಾಡಿನ ಮನೆಗಳ ಸಾಮಾನು ಮಾರುವ ಅಂಗಡಿಗಳು ಸಾಲಾಗಿವೆ. ಒಂದು ಬೋದಿಗೆ ಎಲ್ಲಿಂದ ಬಂತು ಅಂತ ಕೇಳಿದರೆ ಹೆಚ್ಚಾಗಿ ಉತ್ತರ ಸಿಗುತ್ತದೆ. ಇಂಥ ಊರು, ಇಂಥವರ ಮನೆ, ಪಾಲಾಯ್ತು, ಕೆಡವಿದರು. ಒಂದು ಕಲ್ಲಿನ ವಿಷ್ಣು ಎಲ್ಲಿಂದ ಬಂದ ಅಂತ ಕೇಳಿ ನೋಡಿ. ಅಂಗಡಿಯವರು ಚಾಗೆ ಹೇಳುತ್ತಾರೆ.

ಭಿನ್ನ ಆದ ಮೂರ್ತಿ ಮನೇಲಿ ಇಡಬಾರದು ಅಂತಾರೆ. ಷೋಕೇಸಲ್ಲಿಟ್ರೂ ದೋಷಾನಾ?

ಶಾಸ್ತ್ರ ಬೇಡ ಅನ್ನುವುದು ಪೂಜೆಗೆ. ಕೈ ಮುರಿದದ್ದನ್ನು ಪೀಠದ ಮೇಲೆ ಕೂರಿಸಿ ನೈವೇದ್ಯ ಇಡುವುದಿಲ್ಲ. ನೋಡುವುದಕ್ಕೆ ಇಟ್ಟುಕೊಳ್ಳುವ ಮಾತು ಬೇರೆ, ಮ್ಯೂಸಿಯಂ ತುಂಬ ಮೂಗು ಮುರಿದ ದೇವರೇ ಇದ್ದಾರೆ. ಆದರೆ ಮನೆಯಲ್ಲಿ ಹಿರಿಯರಿಗೆ ಇಷ್ಟ ಇಲ್ಲ ಅಂದರೆ ಜಗಳ ಮಾಡಿಕೊಂಡು ತರಬೇಡಿ. ಹೂಬಳ್ಳಿ, ಹಂಸ, ಯಾಳಿ ಕೆತ್ತಿದ ತುಂಡು ತನ್ನಿ. ಯಾರೂ ಏನೂ ಅನ್ನುವುದಿಲ್ಲ.

## ಕೊಳ್ಳುವಾಗ

ಕಲ್ಲಿನ ಮೂರ್ತಿ ಹಳೇದು ಅಂತ ಹೇಗೆ ಗೊತ್ತಾಗುತ್ತೆ? ಏನಾದ್ರೂ ಟೆಸ್ಟ್ ಇದೆಯಾ?

ಮರಕ್ಕೆ ಕಾರ್ಬನ್ ಪರೀಕ್ಷೆ ಇದೆ, ಸುಟ್ಟ ಮಣ್ಣಿಗೂ ಬೇರೆ ಪರೀಕ್ಷೆ ಇದೆ. ಕಲ್ಲಿನ ವಯಸ್ಸು ಅಳೆದರೆ ಸಿಗುವುದು ಬಂಡೆಯ ವಯಸ್ಸು, ಕೋಟಿಗಟ್ಟಲೆ ವರ್ಷ. ಕೆತ್ತಿದ್ದು ಯಾವಾಗ ಅಂತ ಅದು ಹೇಳುವುದಿಲ್ಲ. ಹಾಗಾಗಿ ಶೈಲಿ, ಉಳಿಯ ಗುರುತು, ಸವೆತ, ಇವನ್ನೇ ಓದಬೇಕು.

ನಾನು ಮೊದಲ ಪಾಠ ಕಲಿತದ್ದು ದುಡ್ಡು ಕಳೆದುಕೊಂಡೇ. ಒಂದು ಅಂಗಡಿಯಲ್ಲಿ ಗೇಣುದ್ದದ ಗಣಪತಿ, 'ಇನ್ನೂರು ವರ್ಷದ್ದು ಸಾರ್' ಅಂದರು. ಕಪ್ಪಗೆ, ಎಣ್ಣೆ ಜಿಡ್ಡು ಹಿಡಿದು, ಎಷ್ಟೋ ಅಭಿಷೇಕ ಕಂಡವನ ಹಾಗಿದ್ದ. ಮನೆಗೆ ತಂದು ಉಗುರು ಬೆಚ್ಚಗಿನ ನೀರಲ್ಲಿ ತೊಳೆದೆ. ಬಚ್ಚಲಲ್ಲಿ ಕಪ್ಪು ನೀರು ಹರಿಯಿತು. ಮೂಸಿ ನೋಡಿದರೆ ಬೂಟ್ ಪಾಲಿಷ್. ಒಳಗಿನಿಂದ ಬೆಳ್ಳಗೆ ಬೂದು ಬಣ್ಣದ ಹೊಸ ಕಲ್ಲು ಬಂತು. ಕಿವಿ ಹಿಂದೆ ಗ್ರೈಂಡರ್ ಬ್ಲೇಡಿನ ಅರ್ಧಚಂದ್ರದ ಗೀರುಗಳು, ಒಂದರ ಪಕ್ಕ ಒಂದು, ಎಲ್ಲ ಒಂದೇ ಅಳತೆ. ಆ ಗಣಪ ಈಗಲೂ ಟಿವಿ ಪಕ್ಕ ಇದ್ದಾನೆ. ನನ್ನ ಹೆಂಡತಿ ಅವನನ್ನು 'ಮೇಷ್ಟ್ರು' ಅಂತ ಕರೆಯುತ್ತಾಳೆ.

ಅವತ್ತಿನಿಂದ ನಾನು ಮುಖ ನೋಡುವುದಿಲ್ಲ, ಬೆನ್ನು ನೋಡುತ್ತೇನೆ. ಮೋಸ ಮಾಡುವವರು ಮುಂದೆ ಶ್ರಮ ಹಾಕಿರುತ್ತಾರೆ, ಹಿಂದೆ ಸೋಮಾರಿಗಳು. ಚಾಣದ, ಅಂದರೆ ಕಲ್ಲುಳಿಯ, ಏಟು ಒಂದೊಂದೂ ಬೇರೆ ಆಳ, ಬೇರೆ ಓರೆ ಇರುತ್ತದೆ. ಯಂತ್ರದ್ದು ಒಂದೇ ಸಮ. ಸವೆತ ಕೈ ತಾಗುವ ಕಡೆ ಜಾಸ್ತಿ ಇರಬೇಕು: ಪಾದ, ಮಂಡಿ, ಹೊಟ್ಟೆ. ಸಂದುಗೊಂದು ಎಲ್ಲವೂ ಒಂದೇ ಥರ ಸವೆದಿದ್ದರೆ ಆಸಿಡ್ ಹಾಕಿದ್ದಾರೆ ಅಂತ ಅನುಮಾನಪಡಿ.

ಒಬ್ರು ಹೊಯ್ಸಳರ ಕಾಲದ ಶಿಲಾಬಾಲಿಕೆ ಕೊಡ್ತೀನಿ ಅಂತಿದ್ದಾರೆ. ರೇಟೂ ಕಮ್ಮಿ. ತಗೊಳ್ಳಲಾ?

ಬೇಡ. ಅದು ನಕಲಿಯಾಗಿದ್ದರೆ ನಿಮಗೆ ಮೋಸ. ಅಸಲಿಯಾಗಿದ್ದರೆ ಯಾವುದೋ ಗುಡಿಯ ಸೂರಿನ ಕೆಳಗೆ ಶಿಲಾಬಾಲಿಕೆ ನಿಲ್ಲುವ ಮದನಕೈ ಜಾಗ ಖಾಲಿಯಾಗಿದೆ. ಎರಡರಲ್ಲೂ ನಿಮಗೆ ಲಾಭ ಇಲ್ಲ.

ನಕಲಿ ಹುಟ್ಟುವುದೂ ಸುಲಭ. ಹೊಯ್ಸಳರು ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟ ಮೇಲೆ ನಿಧಾನಕ್ಕೆ ಗಟ್ಟಿಯಾಗುತ್ತದೆ. ಅದಕ್ಕೇ ಬೇಲೂರಿನಲ್ಲಿ ಸರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಲು ಆಯಿತು. ಇವತ್ತೂ ಅಂಥದೇ ಮೆದು ಕಲ್ಲು ಸಿಗುತ್ತದೆ, ಕೈ ಚಳಕ ಇರುವವರೂ ಇದ್ದಾರೆ. ಮಾಡಿದವರು ಹೊಸದು ಅಂತಲೇ ಮಾರಿರುತ್ತಾರೆ. ನಡುವೆ ಕೈ ಬದಲಾದಾಗ ಅದಕ್ಕೆ ಎಂಟುನೂರು ವರ್ಷ ವಯಸ್ಸಾಗುತ್ತದೆ.

ಊರ ಹೊರಗೆ ವೀರಗಲ್ಲು ಅನಾಥವಾಗಿ ಬಿದ್ದಿದೆ. ತಂದು ತೋಟದಲ್ಲಿ ನಿಲ್ಲಿಸಿದ್ರೆ ಉಳಿಸಿದ ಹಾಗಾಗುತ್ತಲ್ವಾ?

ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೂ ಬೇಡ. ಬೆಂಗಳೂರು ಅನ್ನುವ ಹೆಸರು ಸುಮಾರು 890ರಷ್ಟು ಹಳೇದು ಅಂತ ನಮಗೆ ಗೊತ್ತಾದದ್ದು ಬೇಗೂರಿನ ಒಂದು ಶಾಸನದಿಂದ. ಅದು 'ಬೆಂಗಳೂರು ಕಾಳಗ'ದಲ್ಲಿ ಸತ್ತವನ ನೆನಪಿಗೆ ಹಾಕಿದ ಕಲ್ಲು. ಅದನ್ನು ಯಾರೋ ಹಿಂದೆಯೇ ಎತ್ತಿಕೊಂಡು ಹೋಗಿ ಎಸ್ಟೇಟಿನಲ್ಲಿ ನಿಲ್ಲಿಸಿದ್ದರೆ? ವೀರಗಲ್ಲು, ಮಾಸ್ತಿಕಲ್ಲು, ನಾಗರಕಲ್ಲು, ಇವುಗಳ ಅರ್ಧ ಅರ್ಥ ಅವು ನಿಂತ ಜಾಗದಲ್ಲಿದೆ. ಫೋಟೋ ತೆಗೆಯಿರಿ, ಅಕ್ಷರ ಇದ್ದರೆ ಹತ್ತಿರದಿಂದ ತೆಗೆಯಿರಿ, ಪಂಚಾಯಿತಿಗೆ ಮತ್ತು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಊರವರ ಜೊತೆ ಸೇರಿ ಅಲ್ಲೇ ಎತ್ತಿ ನಿಲ್ಲಿಸಿದರೆ ಇನ್ನೂ ಒಳ್ಳೇದು.

ಪಂಚಲೋಹ, ಕಂಚು, ಹಿತ್ತಾಳೆ ಒಂದೇ ಥರ ಕಾಣುತ್ತೆ. ಪಂಚಲೋಹದಲ್ಲಿ ಚಿನ್ನ ಇರುತ್ತಾ?

ತಾಮ್ರಕ್ಕೆ ತವರ ಸೇರಿದರೆ ಕಂಚು, ಸತು ಸೇರಿದರೆ ಹಿತ್ತಾಳೆ. ಪಂಚಲೋಹದಲ್ಲಿ ಬೆಳ್ಳಿ ಬಂಗಾರವೂ ಸೇರಬೇಕು ಅನ್ನುವುದು ಸಂಪ್ರದಾಯ. ಆದರೆ ಹಾಕಿದರೂ ಚೂರೇ ಚೂರು. ಮಾಡಿಸುವವರು ಎರಕದ ದಿನ ಕೈಯಾರೆ ಒಂದು ಗುಲಗಂಜಿಯಷ್ಟು ಹಾಕುವುದುಂಟು. 'ಐದು ಪರ್ಸೆಂಟ್ ಚಿನ್ನ ಇದೆ' ಅಂತ ಹೇಳಿ ರೇಟು ಏರಿಸಿದರೆ ನಕ್ಕು ಎದ್ದು ಬನ್ನಿ.

ಲೋಹಕ್ಕಿಂತ ಎರಕದ ರೀತಿ ಮುಖ್ಯ. ತಮಿಳುನಾಡಿನ ಸ್ವಾಮಿಮಲೈಯಲ್ಲಿ ಇವತ್ತಿಗೂ ಮೇಣದಚ್ಚಿನ ಎರಕ ನಡೆಯುತ್ತದೆ. ನಾಗಮಂಗಲದ ಎರಕದವರಿಗೂ ಹಳೆಯ ಹೆಸರು. ಮೊದಲು ಮೇಣದಲ್ಲಿ ಪೂರ್ತಿ ಮೂರ್ತಿ. ಅದಕ್ಕೆ ನುಣುಪು ಮಣ್ಣಿನ ಲೇಪ, ಮೇಲೆ ಒರಟು ಮಣ್ಣು. ಕಾಯಿಸಿದಾಗ ಮೇಣ ಕರಗಿ ಹರಿದು ಹೋಗುತ್ತದೆ, ಖಾಲಿಯಾದ ಜಾಗಕ್ಕೆ ಲೋಹ ಹುಯ್ಯುತ್ತಾರೆ. ಹೊರಗೆ ತೆಗೆಯಲು ಅಚ್ಚನ್ನು ಒಡೆಯಲೇಬೇಕು. ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಅಂಗಡಿಯಲ್ಲಿ ಒಂದೇ ಮುಖದ ಆರು ನಟರಾಜರು ಸಾಲಾಗಿ ನಿಂತಿದ್ದರೆ, ಪಕ್ಕೆಯಲ್ಲಿ ಮೇಲಿಂದ ಕೆಳಗೆ ಸಣ್ಣ ಹೊಲಿಗೆಯಂಥ ಗೆರೆ ಇದ್ದರೆ, ಅದು ಎರಡು ಹೋಳಿನ ಅಚ್ಚಿನ ಮಾಲು. ಅಲೀಗಢ, ಮುರಾದಾಬಾದ್ ಕಡೆಯಿಂದ ಲೋಡುಗಟ್ಟಲೆ ಹಿತ್ತಾಳೆ ಮೂರ್ತಿ ಬರುತ್ತವೆ. ಕೆಟ್ಟದ್ದೇನಲ್ಲ, ಹಿತ್ತಾಳೆಯ ಬೆಲೆ ಕೊಟ್ಟರೆ ಸರಿ.

ಮರದ ಕಂಬ, ಬೋದಿಗೆ ಕೊಳ್ಳುವಾಗ ಏನು ನೋಡಬೇಕು?

ಅದು ಕೆಲಸ ಮಾಡಿದ ಗುರುತು ನೋಡಿ. ಬೋದಿಗೆ ಅಂದರೆ ಸುಮ್ನೆ ಅಲಂಕಾರ ಅಲ್ಲ. ಕಂಬದ ತಲೆ ಮೇಲೆ ಕೂತು ತೊಲೆಯನ್ನು ಹೊತ್ತದ್ದು.

ನನ್ನ ಹತ್ತಿರ ಹಲಸಿನ ಮರದ ಒಂದು ಬೋದಿಗೆ ಇದೆ. ಮುಂದೆ ಎರಡು ಗಿಳಿ, ನಡುವೆ ಇಳಿಬಿದ್ದ ಬಾಳೆ ಮೂತಿ. ತಿರುಗಿಸಿದರೆ ಕಥೆ ಶುರು. ತೊಲೆ ಕೂತ ಮೇಲ್ಭಾಗದಲ್ಲಿ ಕೆತ್ತನೆ ಇಲ್ಲ, ಬಾಚಿಯ ಏಟುಗಳು ಮೀನಿನ ಹುರುಪೆಯ ಹಾಗೆ ಸಾಲಾಗಿವೆ. ಯಾರಿಗೂ ಕಾಣದ ಜಾಗ, ನಯ ಮಾಡುವ ಗೋಜಿಗೆ ಆಚಾರ್ರು ಹೋಗಿಲ್ಲ. ನಟ್ಟನಡುವೆ ಗೂಟ ಕೂತಿದ್ದ ಚೌಕದ ಕುಳಿ, ಅದರ ಒಂದು ಅಂಚು ಭಾರಕ್ಕೆ ಅದುಮಿ ಹೋಗಿದೆ. ಎಡ ಪಕ್ಕ ಮಾತ್ರ ಕಪ್ಪು. ಆ ಕಡೆ ಅಡುಗೆಮನೆ ಇತ್ತು ಕಾಣುತ್ತದೆ, ಇಲ್ಲಣ ಕಟ್ಟಿ ಕಟ್ಟಿ ಮರದೊಳಗೇ ಇಳಿದಿದೆ. ಈ ಥರ ಲೆಕ್ಕವಿಲ್ಲದ ಕಪ್ಪನ್ನು ಬಣ್ಣ ಬಳಿದು ತರುವುದು ಕಷ್ಟ.

ಹೊಸ ಮರಕ್ಕೆ ಹಳೆ ವೇಷ ಹಾಕಿದ್ದರಲ್ಲಿ ಇವು ಯಾವುವೂ ಇರುವುದಿಲ್ಲ. ಸುತ್ತಲೂ ಒಂದೇ ಕಂದು ಬಣ್ಣ, ಸಂದಿಯಲ್ಲಿ ಫೆವಿಕಾಲ್, ನಕ್ಷತ್ರ ತಲೆಯ ಸ್ಕ್ರೂ. ಇನ್ನೊಂದು ರೀತಿ ಇದೆ: ಹಳೆ ತೊಲೆಯ ಮರದಲ್ಲಿ ಹೊಸ ಕೆತ್ತನೆ. ಮರ ನಿಜಕ್ಕೂ ಹಳೇದು, ಹೂವು ಹೋದ ತಿಂಗಳಿನದು. ಕೆತ್ತನೆಯ ತಳ ತಿಳಿ ಬಣ್ಣ ಇದ್ದರೆ, ಹಳೆ ಮೊಳೆಯ ತೂತು ಹೂವಿನ ಎಸಳನ್ನೇ ಸೀಳಿಕೊಂಡು ಹೋಗಿದ್ದರೆ ಗೊತ್ತಾಗುತ್ತದೆ.

ದಂತದ ಪುಟ್ಟ ಕೃಷ್ಣ, ಶ್ರೀಗಂಧದ ಗಣಪತಿ, ಇವನ್ನ ಕೊಳ್ಳಬಹುದಾ?

ದಂತ ಮುಟ್ಟಬೇಡಿ. ನಮ್ಮ ಆನೆಯ ದಂತದ ವ್ಯಾಪಾರ 1986ರಿಂದ ನಿಷೇಧ. ಆಮೇಲೆ ಆಫ್ರಿಕಾದ ದಂತಕ್ಕೂ ಬಾಗಿಲು ಹಾಕಿದರು. ತಾತನಿಂದ ಬಂದದ್ದಾದರೂ ಅರಣ್ಯ ಇಲಾಖೆಯ ಮಾಲೀಕತ್ವದ ಪತ್ರ ಇರಬೇಕು, ಮಾರುವ ಹಾಗಂತೂ ಇಲ್ಲ.

ಶ್ರೀಗಂಧದ ಕೆತ್ತನೆ ಕೊಳ್ಳಬಹುದು. ಬಿಲ್ ಕೊಡುವ ಕಡೆ, ಅಂದರೆ ಸರ್ಕಾರದ ಕಾವೇರಿ ಎಂಪೋರಿಯಂನಂಥ ಕಡೆ ತಗೊಳ್ಳಿ. ರಸ್ತೆ ಬದಿಯಲ್ಲಿ ಘಮ್ಮೆಂದು ಮೂಗಿಗೆ ಹೊಡೆಯುವುದು ಬಹಳ ಸಲ ಎಣ್ಣೆ ಸವರಿದ ಬಿಳಿ ಮರ. ಎರಡು ತಿಂಗಳಿಗೆ ವಾಸನೆ ಖಾಲಿ.

## ಮನೆಗೆ ತಂದ ಮೇಲೆ

ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಫಳಫಳ ಅನ್ನುತ್ತಲ್ವಾ? ಯಾಕೆ ಬೇಡ ಅಂತೀರಿ?

ದಿನಬಳಕೆಯ ದೀಪ, ಚೊಂಬು ಎಷ್ಟು ಬೇಕಾದರೂ ತಿಕ್ಕಿ. ಹಳೆ ಕಂಚಿನ ಮೂರ್ತಿಗೆ ಬೇಡ. ನೂರಾರು ವರ್ಷದಲ್ಲಿ ಮೇಲೆ ಕೂತ ಕಂದು, ಹಸಿರು ಪದರವೇ ಅದರ ಚರ್ಮ. ಹುಳಿ ತಾಗಿದರೆ ಆ ಪದರ ಹೋಗುತ್ತದೆ, ಜೊತೆಗೆ ಕಣ್ಣುರೆಪ್ಪೆ, ಸರದ ಎಳೆಯಂಥ ಸಣ್ಣ ಗೆರೆಗಳೂ ಸವೆಯುತ್ತವೆ. ಒಣ ಮೆತ್ತನೆ ಬ್ರಷ್ ಸಾಕು.

ಒಂದು ವಿಷಯ ಮಾತ್ರ ಗಮನಿಸಿ. ಗಟ್ಟಿಯಾಗಿ ಅಂಟಿದ ಹಸಿರು ತೊಂದರೆ ಕೊಡುವುದಿಲ್ಲ. ತಿಳಿ ಹಸಿರು ಪುಡಿ ಚುಕ್ಕೆ ಚುಕ್ಕೆಯಾಗಿ ಏಳುತ್ತಿದ್ದರೆ, ಒರೆಸಿದರೂ ಮತ್ತೆ ಬರುತ್ತಿದ್ದರೆ, ಅದು ರೋಗ. ಲೋಹದೊಳಗಿನ ಕ್ಲೋರೈಡ್ ಉಪ್ಪು ತೇವ ಸಿಕ್ಕಿದಾಗಲೆಲ್ಲ ಕೊರೆಯುತ್ತಾ ಹೋಗುತ್ತದೆ. ಕರಾವಳಿಯ ಮನೆಗಳಲ್ಲಿ ಜಾಸ್ತಿ. ಒಣ ಜಾಗಕ್ಕೆ ಸರಿಸಿ, ತಿಳಿದವರಿಗೆ ತೋರಿಸಿ. ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಗೆ ಬೆಂಗಳೂರಿನಲ್ಲಿ ಸಂರಕ್ಷಣಾ ಕೇಂದ್ರ ಇದೆ.

ಕಂಬದ ಕೆಳಗೆ ದಿನಾ ಹಿಟ್ಟಿನಂಥ ಪುಡಿ ಬೀಳ್ತಿದೆ. ಗೆದ್ದಲಾ?

ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ. ನುಣ್ಣನೆ ಪುಡಿ, ಗುಂಡುಸೂಜಿ ತಲೆಯಷ್ಟು ತೂತು ಅಂದರೆ ಕುಟ್ಟೆ ಹುಳ. ತೂತು ಇದ್ದ ಮಾತ್ರಕ್ಕೆ ಗಾಬರಿ ಬೇಡ, ಹುಳ ಎಂದೋ ಹಾರಿ ಹೋಗಿರಬಹುದು. ಕೆಳಗೆ ಒಂದು ಕಪ್ಪು ಕಾಗದ ಹಾಸಿ ವಾರ ಬಿಡಿ. ಹೊಸ ಪುಡಿ ಬಿದ್ದರೆ ಒಳಗೆ ಇನ್ನೂ ಊಟ ನಡೆಯುತ್ತಿದೆ ಅಂತ ಅರ್ಥ. ಆಗ ಆ ಕಂಬವನ್ನು ಉಳಿದ ಮರದ ಸಾಮಾನಿನಿಂದ ದೂರ ಇಟ್ಟು, ಮರದ ಹುಳದ ಔಷಧಿಯನ್ನು ಸಿರಿಂಜಿನಲ್ಲಿ ಒಂದೊಂದು ತೂತಿಗೂ ಬಿಡಬೇಕು.

ಕರಾವಳಿಯಲ್ಲಿ ಗೇರೆಣ್ಣೆ ಬಳಿಯುವ ರೂಢಿ ಇದೆ. ತೊಲೆ, ಜಂತೆಗೆ ಒಳ್ಳೇದೇ. ಆದರೆ ಕೆತ್ತನೆ ಕಪ್ಪಾಗಿ ಗೆರೆಗಳೆಲ್ಲ ಮುಚ್ಚಿ ಹೋಗುತ್ತವೆ, ಕೈಗೆ ತಾಗಿದರೆ ಚರ್ಮ ಸುಡುತ್ತದೆ. ನಯವಾದ ಕೆತ್ತನೆಗೆ ನಾನಂತೂ ಹಚ್ಚುವುದಿಲ್ಲ.

ಮೂರಡಿ ಕಲ್ಲಿನ ಬುದ್ಧನ್ನ ಬಾಲ್ಕನಿಯಲ್ಲಿ ಇಡಬೇಕು ಅಂತಿದ್ದೀವಿ. ತಡೆಯುತ್ತಾ?

ಒಂದು ಘನ ಅಡಿ ಗ್ರಾನೈಟ್ ಹತ್ತಿರ ಹತ್ತಿರ 75 ಕಿಲೋ. ಮೂರಡಿ ಮೂರ್ತಿ ಪೀಠ ಸೇರಿ ಇನ್ನೂರು ಮುನ್ನೂರು ಕಿಲೋ ದಾಟಬಹುದು. ಅಪಾರ್ಟ್‌ಮೆಂಟಿನ ಚಾಚಿದ ಬಾಲ್ಕನಿಗೆ ಎಂಜಿನಿಯರನ್ನು ಕೇಳದೆ ಇಡಬೇಡಿ. ಒಳಗೆ ಇಡುವುದಾದರೆ ತೊಲೆ ಹಾದುಹೋದ ಗೋಡೆ ಪಕ್ಕ ಇಡಿ. ಮಕ್ಕಳಿರುವ ಮನೆಯಲ್ಲಿ ಉದ್ದನೆಯ ಕಂಬವನ್ನು ಗೋಡೆಗೆ ಕ್ಲಾಂಪ್ ಹಾಕಿ ಹಿಡಿಸಿ, ಆದರೆ ಕೆತ್ತನೆಗೆ ತೂತು ಕೊರೆಯಬೇಡಿ.

## ಕಾನೂನು ಮತ್ತು ಕಗ್ಗಂಟು

ನೋಂದಣಿ ಮಾಡಿಸೋದು ಹೇಗೆ? ಬರೀ ತಲೆನೋವಂತೆ?

ಕಾಯ್ದೆ ಜಾರಿಗೆ ಬಂದದ್ದು 1976ರ ಏಪ್ರಿಲ್‌ನಲ್ಲಿ. ನೂರು ವರ್ಷ ದಾಟಿದ ಕಲ್ಲು, ಲೋಹ, ಸುಟ್ಟ ಮಣ್ಣು, ಮರದ ಶಿಲ್ಪಗಳು, ಚಿತ್ರಗಳು, ಚಿತ್ರವಿರುವ ಹಸ್ತಪ್ರತಿಗಳು ನೋಂದಣಿಯ ಪಟ್ಟಿಯಲ್ಲಿವೆ. ನಿಮ್ಮ ಕೈಗೆ ಬಂದ ಹದಿನೈದು ದಿನದೊಳಗೆ ನೋಂದಣಾಧಿಕಾರಿಗೆ ಅರ್ಜಿ ಕೊಡಬೇಕು. ಅರ್ಜಿ ಜೊತೆ ಫೋಟೋ, ಅಳತೆ, ಎಲ್ಲಿಂದ ಬಂತು ಅನ್ನುವ ವಿವರ. ಎಲ್ಲಿ ಕೊಡಬೇಕು ಅಂತ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ (ಎಎಸ್‌ಐ) ಬೆಂಗಳೂರು ಕಚೇರಿಯಲ್ಲಿ ವಿಚಾರಿಸಿ. ಮಾರಿದರೂ, ಯಾರಿಗಾದರೂ ಕೊಟ್ಟರೂ ತಿಳಿಸಬೇಕು.

ಓಡಾಟ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಕಳ್ಳತನ ಆದಾಗ 'ಇದು ನನ್ನದು' ಅಂತ ತೋರಿಸಲು ಆ ಫೋಟೋ ಅಂಟಿಸಿದ ಪತ್ರದಷ್ಟು ಗಟ್ಟಿ ಬೇರೆ ಇಲ್ಲ. ಅಂಗಡಿಯವರ ಮಾತಿಗೆ ಬಂದರೆ, ಪುರಾತನ ವಸ್ತುವಿನ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಕೊಳ್ಳುವ ಮುಂಚೆ ಅದನ್ನು ತೋರಿಸಿ ಅಂತ ಕೇಳಿ. ಮುಖ ಸಿಂಡರಿಸಿದರೆ ಅಲ್ಲಿಗೆ ಬಿಡಿ.

ಅಮೆರಿಕದಲ್ಲಿರೋ ಮಗಳಿಗೆ ನಮ್ಮ ಮನೆ ಹಳೇ ಮೂರ್ತಿ ಕಳಿಸಬಹುದಾ? ಮಾರ್ತಿಲ್ಲ, ನಮ್ಮದೇ ತಾನೆ?

ನೂರು ದಾಟಿದ್ದಾದರೆ ಆಗುವುದಿಲ್ಲ. ಹೊರದೇಶಕ್ಕೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಅಥವಾ ಅದು ಒಪ್ಪಿಗೆ ಕೊಟ್ಟ ಸಂಸ್ಥೆಗೆ ಮಾತ್ರ. ಉಡುಗೊರೆ, ಪಿತ್ರಾರ್ಜಿತ, ಯಾವ ಕಾರಣವೂ ನಡೆಯುವುದಿಲ್ಲ. ಸಿಕ್ಕಿಬಿದ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ ದಂಡ.

ನೂರು ಆಗಿಲ್ಲ, ಆದರೆ ನೋಡಲು ಹಳೇದರ ಹಾಗಿದೆ ಅಂದರೆ ಎಎಸ್‌ಐನಿಂದ 'ಇದು ಪುರಾತನ ವಸ್ತು ಅಲ್ಲ' ಅನ್ನುವ ಪತ್ರ ಮಾಡಿಸಿ. ಕಸ್ಟಮ್ಸ್‌ನವರು ಶಿಲ್ಪಶಾಸ್ತ್ರ ಓದಿರುವುದಿಲ್ಲ, ಅನುಮಾನ ಬಂದರೆ ತಡೆಯುತ್ತಾರೆ. ಏರ್‌ಪೋರ್ಟಿನಲ್ಲಿ ರಾತ್ರಿ ಎರಡು ಗಂಟೆಗೆ ಅಜ್ಜನ ಕಥೆ ಹೇಳುವ ಪಾಡು ಬೇಡ.

ಪಾಯ ತೆಗೆಯುವಾಗ ಒಂದು ಕಂಚಿನ ವಿಗ್ರಹ ಸಿಕ್ತು. ನಮ್ಮ ಜಾಗದಲ್ಲೇ ಸಿಕ್ಕಿದ್ದು, ನಮ್ಮದಲ್ವಾ?

ಅಲ್ಲ. ಭೂಮಿಯಲ್ಲಿ ಹುದುಗಿದ್ದು ನಿಧಿ. ಇದಕ್ಕೆ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಬೇಕು. ತೊಳೆಯಬೇಡಿ, ಸುತ್ತಲಿನ ಮಣ್ಣನ್ನೂ ಹಾಗೇ ಬಿಡಿ.

ಮಣ್ಣಿನ ಮಾತು ಸುಮ್ನೆ ಹೇಳಿದ್ದಲ್ಲ. 1976ರಲ್ಲಿ ತಂಜಾವೂರು ಸೀಮೆಯ ಪತ್ತೂರಿನಲ್ಲಿ ನೆಲ ಅಗೆಯುತ್ತಿದ್ದ ಕೂಲಿಯವರಿಗೆ ಒಂದು ನಟರಾಜ ಸಿಕ್ಕಿತು. ಕೈಯಿಂದ ಕೈಗೆ ದಾಟಿ ಲಂಡನ್ ಸೇರಿತು. ಕೋರ್ಟಿನಲ್ಲಿ ಅದು ಪತ್ತೂರಿನ ಗುಡಿಯದು ಅಂತ ಸಾಧಿಸಲು ಮೂರ್ತಿಗೆ ಅಂಟಿದ್ದ ಮಣ್ಣು, ಗೆದ್ದಲಿನ ಗುರುತು ಕೂಡ ಸಾಕ್ಷಿಯಾದವು. 1991ರಲ್ಲಿ ವಾಪಸ್ ಬಂತು.

ಕದ್ದ ಮಾಲು ಅಂತ ನಮಗೆ ಹೇಗೆ ಗೊತ್ತಾಗ್ಬೇಕು? ದೊಡ್ಡ ದೊಡ್ಡವರೇ ಮೋಸ ಹೋಗ್ತಾರೆ.

ಹೌದು, ಹೋಗಿದ್ದಾರೆ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯ ಚೋಳರ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ಕೊಟ್ಟು ಕೊಂಡಿತ್ತು. ಮಾರಿದವನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್. ಕಾಗದಪತ್ರ ಎಲ್ಲ ಇದ್ದವು, ಎಲ್ಲ ಸುಳ್ಳು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಹಿಂದೆ ಗುಡಿಗಳಲ್ಲಿ ತೆಗೆಸಿಟ್ಟಿದ್ದ ಫೋಟೋಗಳು ಇಂಥ ಮೂರ್ತಿಗಳನ್ನು ಗುರುತು ಹಿಡಿಯಲು ನೆರವಾದವು. 2014ರಲ್ಲಿ ನಟರಾಜ ಮರಳಿ ಬಂದ. 2022ರಲ್ಲಿ ಕುಂಭಕೋಣದ ಕೋರ್ಟು ಕಪೂರ್‌ಗೆ ಹತ್ತು ವರ್ಷ ಶಿಕ್ಷೆ ಕೊಟ್ಟಿತು.

ನಮ್ಮಂಥವರ ಮಟ್ಟದಲ್ಲಿ ನಾನು ನೋಡುವುದು ಪಾದ ಮತ್ತು ಪೀಠ. ಪಾದದ ಬುಡದಲ್ಲಿ ಹೊಸ ಗರಗಸದ ಗೆರೆ ಇದ್ದರೆ, ಪೀಠದಿಂದ ಮೀಟಿ ತೆಗೆದ ಚಕ್ಕೆ ಇದ್ದರೆ, ಲೋಹದ ಮೂರ್ತಿಯಲ್ಲಿ ಉತ್ಸವದಲ್ಲಿ ಹೊರಲು ಗಳು (ಉದ್ದನೆಯ ಕೋಲು) ಕಟ್ಟುವ ಬಳೆಗಳಿದ್ದರೆ, ಅದು ಗುಡಿಯದು. ಗುಡಿಯದು ಅಂತಾದರೆ ಮಾತು ಮುಗಿಯಿತು.

ತುಳುನಾಡಿನ ಭೂತದ ಮರದ ಮೂರ್ತಿ, ಮೊಗ ಮಾರಾಟಕ್ಕಿದೆ. ನಿಮ್ಮ ಅಭಿಪ್ರಾಯ?

ದೈವಸ್ಥಾನ ಜೀರ್ಣೋದ್ಧಾರ ಮಾಡುವಾಗ ಹಳೆ ಮರದ ಮೂರ್ತಿಗಳನ್ನು ಬದಲಿಸಿ, ಹಳೇದನ್ನು ನೀರಿಗೆ ಬಿಡುವುದು ರೂಢಿ. ಬ್ರಹ್ಮಾವರ ಹತ್ತಿರದ ಮೆಕ್ಕೆಕಟ್ಟಿನ ಹಳೆ ಮೂರ್ತಿಗಳು ದಿಲ್ಲಿಯ ಕ್ರಾಫ್ಟ್ಸ್ ಮ್ಯೂಸಿಯಂ ಸೇರಿ ಉಳಿದವು. ಅವುಗಳ ಮುಂದೆ ನಿಂತರೆ ಮಾತೇ ಹೊರಡುವುದಿಲ್ಲ, ಆಳೆತ್ತರ, ಉಬ್ಬಿದ ಕಣ್ಣು. ಮ್ಯೂಸಿಯಂ ಸರಿ. ನನ್ನ ಪಡಸಾಲೆಗೆ ನಾನು ತರುವುದಿಲ್ಲ. ಕೋಲದಲ್ಲಿ ಕೈ ಮುಗಿದು ನಿಂತವರ ಮನೆಯವನು ನಾನು, ಸೋಫಾ ಪಕ್ಕ ಪಂಜುರ್ಲಿಯನ್ನು ನಿಲ್ಲಿಸಿ ಟಿವಿ ನೋಡಲು ಆಗುವುದಿಲ್ಲ.

ಇನ್ವೆಸ್ಟ್‌ಮೆಂಟ್ ಅಂತ ಕೊಂಡಿಟ್ರೆ?

ಬೇಡ. ಹೊರಗೆ ಕಳಿಸುವ ಹಾಗಿಲ್ಲ, ಒಳಗೆ ಮಾರಲು ಕಾಗದ ಬೇಕು, ಕೊಳ್ಳುವವರು ಕಮ್ಮಿ.

ಇಷ್ಟೆಲ್ಲ ಫಜೀತಿಗಿಂತ ಹೊಸದೇ ಮಾಡಿಸಿದ್ರೆ ಹೇಗೆ?

ಈಗ ಸರಿಯಾದ ದಾರಿಗೆ ಬಂದಿರಿ. ಕಲ್ಲು ಬೇಕಾದರೆ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ. ಬೀದಿಗೆ ಕಾಲಿಡುವಾಗಲೇ ಚಾಣದ ಟಿಣ್ ಟಿಣ್ ಕೇಳುತ್ತದೆ. ಮರ, ಗಂಧಕ್ಕೆ ಸಾಗರ, ಸೊರಬದ ಗುಡಿಗಾರರು. ಬಣ್ಣದ ಮರದ ಗೊಂಬೆಗೆ ಕೊಪ್ಪಳದ ಕಿನ್ನಾಳ.

ಶಿಲ್ಪಿ ಮೊದಲು ಕೇಳುವುದು 'ಪೂಜೆಗೋ, ಸುಮ್ನೆ ಇಡೋದಕ್ಕೋ?' ಅಂತ. ಪೂಜೆಗಾದರೆ ತಾಳ ಲೆಕ್ಕ (ಮೂರ್ತಿಯ ಅಂಗಾಂಗಗಳ ಅಳತೆ), ಧ್ಯಾನಶ್ಲೋಕ ಹೇಳಿದಂತೆ ಕೈ, ಆಯುಧ, ಕೊನೆಗೆ ಕಣ್ಣು ಬಿಡಿಸುವುದಕ್ಕೆ ಮುಹೂರ್ತ. ಅವಸರ ಮಾಡಬೇಡಿ. ಅವಸರ ಮಾಡಿದರೆ ಬೆನ್ನಿನಲ್ಲಿ ಗ್ರೈಂಡರ್ ಓಡುತ್ತದೆ. ಬಿಲ್ ಮೇಲೆ ಫೋಟೋ, ತಾರೀಖು ಹಾಕಿಸಿಕೊಳ್ಳಿ, ಮುಂದೆ ಯಾರಾದರೂ ಹಳೇದಾ ಅಂತ ಹಿಡಿದರೆ ಉತ್ತರಕ್ಕೆ ಇರಲಿ.

ಪೀಠದ ಹಿಂದೆ ಶಿಲ್ಪಿಯ ಹೆಸರು, ಊರು, ಇಸವಿ ಕೆತ್ತಲು ಹೇಳಿ. ಸಂಕೋಚ ಪಡುತ್ತಾರೆ, ಬಿಡಬೇಡಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಮದನಿಕೆಯರ ಕೆಳಗೆ ಹೆಸರು ಬರೆದುಕೊಂಡಿದ್ದಾರೆ. ನಾನು ಮಾಡಿಸಿದ ಸರಸ್ವತಿಯ ಪೀಠದ ಹಿಂದೆಯೂ ಒಂದು ಹೆಸರಿದೆ. ಇಸವಿಯ ಕೊನೆ ಅಂಕಿ ಸ್ವಲ್ಪ ಸೊಟ್ಟಗಾಗಿದೆ.